ಅಮಾತೆಪ್ಪ ಹೊತ್ತು ಮುಳುಗುವುದನ್ನು ನೋಡಲು ಹೋದದ್ದು

ಹುನಗುಂದದ ಪೇಂಟರ್ ಅಮಾತೆಪ್ಪ ಬರೆದ ಬೋರ್ಡುಗಳನ್ನೆಲ್ಲ ಕಿತ್ತು ಸಾಲಾಗಿ ನಿಲ್ಲಿಸಿದ್ದರೆ ಇಲಕಲ್ಲಿನಿಂದ ಬಾಗಲಕೋಟೆಯವರೆಗೆ ಬೇಲಿಯಾಗುತ್ತಿತ್ತು. ಹಿಟ್ಟಿನ ಗಿರಣಿ, ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ಯಾರದೇ ಬೋರ್ಡು ಇರಲಿ, ಕೆಳಗಿನ ಮೂಲೆಯಲ್ಲಿ ‘ಅಮಾತ್ ಆರ್ಟ್ಸ್’ ಎಂದು ಸಣ್ಣಗೆ ಬಾಲ ಸುತ್ತಿಕೊಂಡಿರುತ್ತಿತ್ತು. ‘ಇಲ್ಲಿ ಉಗುಳಬಾರದು’, ‘ಉದ್ರಿ ಕೇಳಬಾರದು’, ‘ಕೆಲಸವಿಲ್ಲದೆ ಒಳಗೆ ಬರಬಾರದು’ ಎಂದು ಊರಿಗೆಲ್ಲ ಎದೆಯೆತ್ತರದ ಅಕ್ಷರಗಳಲ್ಲಿ ಬುದ್ಧಿ ಹೇಳುತ್ತಿದ್ದ ಈ ಮನುಷ್ಯ, ಬಾಯಿಬಿಟ್ಟು ಮಾತ್ರ ಯಾರಿಗೂ ಬೇಡ ಎಂದವನಲ್ಲ. ಪಂಕ್ತಿಯಲ್ಲಿ ಕೂತರೆ ಸಾಕು ಎನ್ನಲಾರದೆ ಎರಡು ರೊಟ್ಟಿ ಹೆಚ್ಚಿಗೆ ತಿಂದು, ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ತಿರುಗುವ ಪೈಕಿ. ನಮ್ಮ ಕಡೆ ಇಂಥವರಿಗೆ ಭಾಳ ಸಂಭಾವಿತ ಎಂದು ಹೆಸರು. ಈ ಹೆಸರಿನ ನೆರಳಿನಲ್ಲಿ ಬದುಕು ಕಳೆದವರು ಅಮಾತೆಪ್ಪ ಒಬ್ಬನೇ ಅಲ್ಲ. ನಾವೂ ಬಹಳ ಜನ ಇದ್ದೇವೆ.

ಅವನ ಹೆಂಡತಿ ಗುರುಲಿಂಗವ್ವ. ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು, ತೊಟ್ಟಿಲು ಕಟ್ಟಿರಲಿಲ್ಲ. ಮನೆಯಲ್ಲಿ ತಾಯಿ ಸಿದ್ದಲಿಂಗವ್ವ, ಅಣ್ಣಂದಿರು, ಅವರ ಹೆಂಡಂದಿರು, ಅವರ ಮಕ್ಕಳು. ರಾತ್ರಿ ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಗಂಡ ಹೆಂಡತಿಗೆ ಏನಾದರೂ ಹೇಳಬೇಕಾದರೆ ಗಾಳಿಗೆ ಹೇಳಬೇಕು: “ಯಾರರ ಒಂದು ತಂಬಗಿ ನೀರು ಕೊಡ್ರಿ.” ಆಕೆ ಉತ್ತರ ಕೊಡಬೇಕಾದರೆ ಅಣ್ಣನ ಮಗುವಿಗೆ ಕೊಡಬೇಕು: “ಕೊಡಾಕತ್ತೇನಂತ ಹೇಳವಾ ನಿಮ್ಮ ಕಾಕಾಗ.” ಇಷ್ಟು ಸಂಸಾರದಲ್ಲಿ ಅಮಾತೆಪ್ಪನಿಗೆ ಹೆಂಡತಿಯ ಕೈ ಅಡುಗೆಯ ಹದ ಗೊತ್ತಿತ್ತು, ಬಳೆಯ ಸಪ್ಪಳ ಗೊತ್ತಿತ್ತು, ಮನಸ್ಸು ಮಾತ್ರ ಆಚೆಮನೆಯವರ ಸಾಮಾನಿನಂತೆ ಮುಟ್ಟದೆ ಉಳಿದಿತ್ತು.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಸಿದ್ದಲಿಂಗವ್ವ ಬಾಯಿಬಿಟ್ಟಳು. “ಮತ್ತೊಂದು ಲಗ್ನ ಮಾಡೂಣು. ಗುರುಲಿಂಗವ್ವನ್ನೇನು ಹೊರಗ ಹಾಕೂದಿಲ್ಲ. ಆಕಿನೂ ಇರ್ತಾಳ, ಇಕಿನೂ ಇರ್ತಾಳ.” ಹೊಸ ಕಪಾಟು ಬಂದರೆ ಹಳೆಯದು ಹಿತ್ತಲಕ್ಕೆ ಹೋಗಬೇಕಾಗಿಲ್ಲ ಎನ್ನುವಷ್ಟು ಸರಳವಾಗಿ ಹೇಳಿದಳು. ಕಾನೂನು ಬೇರೆ ಹೇಳುತ್ತಿತ್ತು ನಿಜ. ಆದರೆ ಕಾನೂನಿಗೆ ನಮ್ಮ ಕಡೆ ಬಸ್ಸಿನ ಅನುಕೂಲ ಕಡಿಮೆ. ಅಣ್ಣಂದಿರು ಹೂಂ ಎಂದರು. ಅಮಾತೆಪ್ಪ ಸುಮ್ಮನೆ ಕೂತ. ಒಳಗೆ ಗುರುಲಿಂಗವ್ವ ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಆ ನಿಂತ ಕ್ಷಣ ಅವನ ಕಿವಿಯಲ್ಲಿ ಉಳಿದುಬಿಟ್ಟಿತು. ಆಕೆ ಒಂದು ಸಲ ‘ಬ್ಯಾಡ’ ಎಂದರೆ ಸಾಕು, ಆ ಮಾತು ಹಿಡಿದುಕೊಂಡು ಅವ್ವನ ಮುಂದೆ ನಿಲ್ಲುತ್ತೇನೆ ಎಂದುಕೊಂಡ. ಸ್ವಂತ ಧೈರ್ಯ ಇಲ್ಲದವನು ಹೆಂಡತಿಯ ಧೈರ್ಯವನ್ನು ಕಡ ಕೇಳಲು ಹೊರಟಿದ್ದ. ಆದರೆ ಎಲ್ಲಿ ಕೇಳುವುದು? ಆ ಮನೆಯಲ್ಲಿ ಗೋಡೆಗೆ ಅಷ್ಟೇ ಅಲ್ಲ, ಗಡಿಗೆ ಮೊಗೆಗಳಿಗೂ ಕಿವಿಗಳಿದ್ದವು.

ಅಷ್ಟರಲ್ಲಿ ರಾಚಯ್ಯ ಸಿಕ್ಕ. ಬಾದಾಮಿಯವನು, ಜಂಗಮರ ಪೈಕಿ. ಗೋವಾದ ಒಂದು ಹೋಟೆಲಿನಲ್ಲಿ ಕೆಲವು ವರ್ಷ ಇದ್ದು, ಪರದೇಶದವರು ದಿನಾ ಸಂಜೆ ಸಾಲಾಗಿ ಕುರ್ಚಿ ಹಾಕಿಕೊಂಡು ಸೂರ್ಯ ಮುಳುಗುವುದನ್ನು ನೋಡುವುದನ್ನು ಕಂಡು ತಲೆ ಕೆಡಿಸಿಕೊಂಡು ಬಂದಿದ್ದ. “ನಮ್ಮೂರಾಗ ಗುಡ್ಡ ಐತಿ, ಸೂರ್ಯ ಅದಾನ. ಸಮುದ್ರ ಒಂದ ಇಲ್ಲ, ಅದನ್ನ ಬಿಡ್ರಿ” ಎನ್ನುತ್ತಿದ್ದ. ಕೆರೂರ ರಸ್ತೆಯಲ್ಲಿ, ಊರ ಹೊರಗೆ, ಕೆಂಪು ಕಲ್ಲಿನ ದಿಬ್ಬದ ಮೇಲೆ ಲಾಜು ಕಟ್ಟಿಸಿ ‘ಅಸ್ತಾಚಲ’ ಎಂದು ಹೆಸರಿಟ್ಟ. ಉದಯ, ಪ್ರಭಾತ ಎಂದು ಹೆಸರಿಡುವ ನಾಡಿನಲ್ಲಿ ಅಸ್ತವಾಗುವ ಹೆಸರಿಟ್ಟವನನ್ನು ಊರವರು ಕನಿಕರದಿಂದ ನೋಡಿದರು. ರಸ್ತೆಗಳು ಕೂಡುವಲ್ಲಿ ನಿಲ್ಲಿಸುವ ಬೋರ್ಡು ಬರೆಯಲು ಅಮಾತೆಪ್ಪನನ್ನು ಕರೆದ. ಅಮಾತೆಪ್ಪ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಮೇಲೆ ಹಾರುವ ಹಕ್ಕಿ ಬಿಡಿಸಿ ಕೊಟ್ಟ.

“ಇದು ಹುಟ್ಟೂ ಸೂರ್ಯನೋ ಮುಳುಗೂ ಸೂರ್ಯನೋ?” ಎಂದ ರಾಚಯ್ಯ.

“ನಿಮಗ ಯಾವುದು ಬೇಕು ಅದನ್ನ ತಿಳಕೋರಿ.”

ರಾಚಯ್ಯನಿಗೆ ಬೋರ್ಡು ಮನಸ್ಸಿಗೆ ಬಂತು. “ಪೇಂಟರ್ರ, ಒಂದಿನ ಮನಿಯವರನ್ನ ಕರಕೊಂಡು ಬಂದು ಇಳೀರಿ. ಖೋಲಿ ನಿಮ್ಮದ, ಬಾಡಿಗಿ ಬ್ಯಾಡ. ಪಡುವಲ ದಿಕ್ಕಿನ ವರಾಂಡ ಐತಿ, ಎರಡು ಕುರ್ಚಿ ಹಾಕಸ್ತೇನಿ. ನೀವಿಬ್ಬರ ಇರ್ತೀರಿ, ಮೂರನೇದಾಂವ ಸೂರ್ಯ.”

ಗಂಡ ಹೆಂಡತಿ ಇಬ್ಬರೇ. ಆ ಮಾತು ಕೇಳಿ ಅಮಾತೆಪ್ಪನಿಗೆ ಸ್ವರ್ಗದ ಬಾಗಿಲಿಗೆ ಬೋರ್ಡು ಬರೆಯಲು ಕರೆದಷ್ಟು ಸಂತೋಷವಾಯಿತು.

ಮನೆಯಲ್ಲಿ ಶಿವಯೋಗ ಮಂದಿರಕ್ಕೆ ನಮಸ್ಕಾರ ಮಾಡಿ ಬರುತ್ತೇವೆಂದು ಹೇಳಿದ. ಸಂತಾನದ ಹರಕೆ ಇರಬಹುದೆಂದು ಸಿದ್ದಲಿಂಗವ್ವ ಬೇಡ ಎನ್ನಲಿಲ್ಲ. “ರಾತ್ರಿ ಬಾದಾಮ್ಯಾಗ ಮಳಿಯಪ್ಪ ಮಾವನ ಮನ್ಯಾಗ ಇಳೀರಿ” ಎಂದಳು. ಮಳಿಯಪ್ಪ ಆಕೆಗೆ ದಾಯಾದಿ ತಮ್ಮನಾಗಬೇಕು. ಕಾಳಿನ ಅಂಗಡಿಯ ಕುಳ. ಅಮಾತೆಪ್ಪ ತಲೆ ಆಡಿಸಿದ. ಆ ತಲೆ ಯಾವ ದಿಕ್ಕಿಗೆ ಆಡಿತೆಂದು ಅವನೇ ಹೇಳಲಾರ.

ಸುಳ್ಳಿನ ಪಾಪ ಬೇಡವೆಂದು ದಾರಿಯಲ್ಲಿ ಶಿವಯೋಗ ಮಂದಿರದಲ್ಲಿ ಇಳಿದು, ಹೊಳೆಯಲ್ಲಿ ಕಾಲು ತೊಳೆದು, ಕೈ ಮುಗಿದು, ಮತ್ತೆ ಬಸ್ಸು ಹತ್ತಿದರು. ಬಾದಾಮಿಯ ಸ್ಟ್ಯಾಂಡಿನಲ್ಲಿ ಟಾಂಗಾದ ಅಲ್ಲಾಸಾಬ ಎದುರಾದ.

“ಯಾರ ಮನಿಗ್ರಿ?”

“ಮನಿಗಲ್ಲ. ರಾಚಯ್ಯನವರ ಲಾಜಿಗೆ.”

ಅಲ್ಲಾಸಾಬ ಲಗಾಮು ಹಿಡಿದವನು ತಿರುಗಿ ನೋಡಿದ. ಹೆಂಡತಿಯನ್ನು ಕರೆದುಕೊಂಡು ಲಾಜಿಗೆ ಹೋಗುವ ಹುನಗುಂದ ಸೀಮೆಯವರನ್ನು ಅವನು ಕಂಡಿರಲಿಲ್ಲ. “ಯಾಕ್ರಿ, ಊರಾಗ ಮಂದಿ ಯಾರೂ ಇಲ್ಲೇನ್ರಿ ನಿಮಗ?”

ಅಮಾತೆಪ್ಪ ಕೆಮ್ಮಿದ. ಆದರೆ ದಿಕ್ಕಿಲ್ಲದವಳೆನ್ನಿಸಿಕೊಳ್ಳಲು ಗುರುಲಿಂಗವ್ವ ತಯಾರಿರಲಿಲ್ಲ. “ಯಾಕಿಲ್ಲಪಾ? ಕಾಳಿನ ಅಂಗಡಿ ಮಳಿಯಪ್ಪನವರು ನಮ್ಮತ್ತಿಗೆ ತಮ್ಮ ಆಗಬೇಕು.”

“ಮಳಿಯಪ್ಪನವರ ಬೀಗರೇನ್ರಿ? ಹುನಗುಂದದ ಪೇಂಟರ್ರು?” ಅಲ್ಲಾಸಾಬನ ಮುಖ ಬೆಳಗಿತು. “ಹಾಂ ಹಾಂ. ತಿಳೀತ್ರಿ, ತಿಳೀತು.”

ಏನು ತಿಳಿಯಿತೆಂದು ಅಮಾತೆಪ್ಪ ಕೇಳಬೇಕಿತ್ತು. ಕೇಳಲಿಲ್ಲ. ಕೇಳುವುದೆಲ್ಲ ವರಾಂಡದಲ್ಲಿ ಕೇಳಿದರಾಯಿತು ಎಂದು ಮಾತು ಉಳಿಸಿಕೊಂಡು ಕೂತ.

ಲಾಜಿನ ಕೋಣೆ ಸುಣ್ಣದ ವಾಸನೆ ಹೊಡೆಯುತ್ತಿತ್ತು. ಗುರುಲಿಂಗವ್ವ ಒಳಗೆ ಬಂದವಳು ಮೊದಲು ಕಸಬರಿಗೆ ಹುಡುಕಿದಳು. ಸಿಗದಿದ್ದಾಗ ಸೆರಗಿನ ತುದಿಯಿಂದ ಕಿಟಕಿ ಒರೆಸಿದಳು. ಮಂಚದ ಗಾದಿಯನ್ನು ಒತ್ತಿ ನೋಡಿ, ಅದು ತಗ್ಗಿ ಮತ್ತೆ ಎದ್ದದ್ದಕ್ಕೆ ಬೆದರಿ ಕೈ ಹಿಂದೆಗೆದಳು.

“ಒಲಿ ಎಲ್ಲೈತ್ರಿ?”

“ಒಲಿ ಇಲ್ಲ. ಅವರ ಮಾಡಿ ಕೊಡ್ತಾರ.”

“ಹಂಗಾದ್ರ ನಾ ಏನ್ ಮಾಡ್ಲಿ?”

“ಏನೂ ಮಾಡಬ್ಯಾಡ. ಸುಮ್ಮನ ಕುಂದ್ರು.”

ಸುಮ್ಮನೆ ಕೂಡುವುದು ಹೇಗೆಂದು ಆಕೆಗೆ ಯಾರೂ ಕಲಿಸಿರಲಿಲ್ಲ. ವರಾಂಡಕ್ಕೆ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಅಮಾತೆಪ್ಪ ಅತ್ತಿತ್ತ ನೋಡಿದ, ಯಾರೂ ಇರಲಿಲ್ಲ. “ಮ್ಯಾಲ ಕುಂದ್ರು” ಎಂದ. ಆಕೆಯೂ ಅತ್ತಿತ್ತ ನೋಡಿ, ಕುರ್ಚಿಯ ಅಂಚಿನ ಮೇಲೆ, ಬೇರೆಯವರ ಸಾಮಾನು ಕೆಡದಂತೆ, ಅಷ್ಟೇ ಅಷ್ಟು ಕೂತಳು. ಗಂಡನ ಸರಿಸಮ ಕುರ್ಚಿಯಲ್ಲಿ ಕೂತದ್ದು ಮದುವೆಯ ಫೋಟೋ ಬಿಟ್ಟರೆ ಇದೇ ಮೊದಲು.

ಎದುರಿಗೆ ಜೋಳ ಕೊಯ್ದ ಕರಿಹೊಲಗಳು ಹರಡಿಕೊಂಡಿದ್ದವು. ಅವುಗಳ ತುದಿಯಲ್ಲಿ ಒಂದು ಸಾಲು ಬೇವಿನಮರ, ಅದರ ಮೇಲೆ ಸೂರ್ಯ. ದಿಬ್ಬದ ಕಲ್ಲೆಲ್ಲ ಬಿಸಿಲಿಗೆ ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ತಾನು ಬೋರ್ಡಿಗೆ ಬಳಿದ ಕಿತ್ತಳೆ ಬಣ್ಣ ಎಷ್ಟು ಸುಳ್ಳೆಂದು ಅಮಾತೆಪ್ಪನಿಗೆ ಗೊತ್ತಾಯಿತು. ಇದು ಡಬ್ಬಿಯಲ್ಲಿ ಸಿಗುವ ಬಣ್ಣವಲ್ಲ.

“ಹೊತ್ತು ಮುಳುಗೂದು ನೋಡಾಕ ಇಷ್ಟ ದೂರ ಬಂದ್ವೇನ್ರಿ?” ಎಂದಳು ಗುರುಲಿಂಗವ್ವ. “ಇದನ್ನ ಕೇಳಿದರ ಅತ್ತಿ ಎದಿ ಒಡಕೋತಾರ.” ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ನಿಲ್ಲದೆ ಮತ್ತೆ ನಕ್ಕಳು. ಹೆಂಡತಿ ನಕ್ಕರೆ ಬಲಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆಂಬುದು ಅಮಾತೆಪ್ಪನಿಗೆ ಆ ವಯಸ್ಸಿನಲ್ಲಿ ತಿಳಿಯಿತು. ಈಗ ಕೇಳಬೇಕು ಎಂದುಕೊಂಡ.

“ನಿನಗೊಂದು ಮಾತು ಕೇಳಬೇಕಿತ್ತು.”

“ನನಗ?” ಆಕೆ ಹಿಂದೆ ತಿರುಗಿ ನೋಡಿದಳು, ಇನ್ನಾರಾದರೂ ಬಂದು ನಿಂತಿದ್ದಾರೋ ಎಂದು.

“ನಿನಗ. ಅವ್ವ ಅವತ್ತು ಹೇಳಿದಳಲ್ಲ...”

ಗುರುಲಿಂಗವ್ವನ ನಗು ಎಲ್ಲಿ ಇಳಿಯಿತೋ. ಕೈ ಮಡಿಲಲ್ಲಿಟ್ಟುಕೊಂಡು, ದವಾಖಾನೆಯ ಬೆಂಚಿನ ಮೇಲೆ ಕೂತವರಂತೆ ನೆಟ್ಟಗೆ ಕೂತಳು. ಅದೇ ಹೊತ್ತಿಗೆ ದಿಬ್ಬದ ಕೆಳಗೆ ಟಾಂಗಾದ ಗೆಜ್ಜೆ ಸಪ್ಪಳ ಕೇಳಿತು.

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ಕನ್ಯಾ ನೋಡಲು ಹೋದವರು ಕನ್ಯಾದವರ ಮನೆಯಲ್ಲಿ ಇಳಿಯುವುದಿಲ್ಲ, ಅಲ್ಲಿ ನೀರು ಸಹ ಕುಡಿಯುವುದಿಲ್ಲ. ಕುಡಿದರೆ ಮಾತು ಕೊಟ್ಟಂತೆ. ಅದಕ್ಕಾಗಿ ಮಠದಲ್ಲೋ ಚಾವಡಿಯಲ್ಲೋ ಇಳಿದು, ಅಲ್ಲಿಂದ ಹೋಗಿ ನೋಡಿ ಬರುವುದು. ಬೀಗರ ಮನೆ ಊರಲ್ಲಿದ್ದೂ, ಅದರ ಮುಂದೆಯೇ ಹಾದು, ಬೇರೆ ಕಡೆ ಇಳಿದವನೆಂದರೆ ಅವನು ಬೀಗರ ಮೇಲೆ ಮುನಿದಿರಬೇಕು, ಇಲ್ಲವೇ ಅವರ ಮನೆಯ ಕನ್ಯೆಯ ಮೇಲೆ ಕಣ್ಣಿಟ್ಟಿರಬೇಕು. ಅಮಾತೆಪ್ಪನಂಥವನು ಮುನಿಯುತ್ತಾನೆಂದರೆ ಯಾರೂ ನಂಬುವವರಲ್ಲ. ಮಳಿಯಪ್ಪನ ಮನೆಯಲ್ಲಿ ಮಗಳು ಬಸಲಿಂಗವ್ವ ಇದ್ದಳು. ನಿಶ್ಚಯವಾಗಿದ್ದ ವರ ಲಗ್ನಕ್ಕೆ ಮೊದಲೇ ಜ್ವರದಿಂದ ತೀರಿಕೊಂಡು, ಆಕೆಯ ಕಾಲ್ಗುಣ ಸರಿಯಿಲ್ಲವೆಂದು ಹೆಸರಾಗಿ, ಹಾಗೆಯೇ ಉಳಿದವಳು. ಹುನಗುಂದದ ಪೇಂಟರನಿಗೆ ಎರಡನೆಯ ಲಗ್ನದ ಮಾತು ನಡೆದ ಸುದ್ದಿ ಸಂತೆಯಿಂದ ಸಂತೆಗೆ ನಡೆದು ಬಾದಾಮಿಗೆ ಯಾವಾಗಲೋ ಮುಟ್ಟಿತ್ತು. ಉಳಿದದ್ದನ್ನು ಅಲ್ಲಾಸಾಬ ಜೋಡಿಸಿದ್ದ.

ಮಳಿಯಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಹಿಂದೆ ಅವನ ಹೆಂಡತಿ ಸಕ್ರವ್ವ, ತಲೆಯ ಮೇಲೆ ಬುಟ್ಟಿ. ಅವಳ ಹಿಂದೆ, ಹೊಸ ಇಲಕಲ್ ಸೀರೆಯ ಸೆರಗು ಹಣೆಯವರೆಗೆ ಎಳೆದುಕೊಂಡು ಬಸಲಿಂಗವ್ವ.

“ಏನೋ ಅಮಾತಿ! ಮಾವನ ಮನಿ ಮುಂದ ಹಾದು ಬಂದಿ, ಒಳಗ ಕಾಲಿಡಲಿಲ್ಲ ನೋಡು. ಅಲ್ಲಾಸಾಬ ಹೇಳಿದ ಕೂಡ್ಲೆ ನಾ ಅಂದೆ, ಹುಡುಗ ರೀತಿ ಬಲ್ಲಾಂವ!”

ಅಮಾತೆಪ್ಪ ಎದ್ದು ನಿಂತ. “ಮಾವಾ, ಅದು ಹಂಗಲ್ಲ. ನಾ ಬಂದದ್ದು...”

“ಗೊತ್ತೋ ಮಾರಾಯಾ, ಎಲ್ಲಾ ಗೊತ್ತೈತಿ. ವರ ಆದಾಂವ ಬಾಯಿ ತಗೀಬಾರದು. ಕುಂದ್ರು.” ಮಳಿಯಪ್ಪ ಅವನ ಹೆಗಲು ಒತ್ತಿ ಕೂಡಿಸಿದ. “ಹೆಂಡ್ತಿನ್ನೂ ಕರಕೊಂಡು ಬಂದೀಯಲ್ಲ, ಇದು ದೊಡ್ಡಸ್ತನ. ಆಕಿ ಒಪ್ಪಿಗಿ ಇಲ್ಲದ ಮಾಡಿದರ ನಾಳೆ ಮಂದಿ ಆಡಿಕೋತಾರ.”

ಗುರುಲಿಂಗವ್ವ ಕುರ್ಚಿಯಿಂದ ಯಾವಾಗ ಎದ್ದಳೋ, ಗೋಡೆಗೆ ಆನಿಕೊಂಡು ನಿಂತಿದ್ದಳು. ಗಂಡನನ್ನು ನೋಡಿದಳು. ಬಸ್ಸು, ಹೊಳೆ, ಗಾದಿ, ಎರಡು ಕುರ್ಚಿ, ‘ನಿನಗೊಂದು ಮಾತು ಕೇಳಬೇಕು’ ಎಂದದ್ದು, ಎಲ್ಲವೂ ಆಕೆಯ ಕಣ್ಣಿನಲ್ಲಿ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂಡುವುದು ಅಮಾತೆಪ್ಪನಿಗೆ ಕಾಣುತ್ತಿತ್ತು. ಎಲ್ಲವೂ ತಪ್ಪು ಜಾಗಕ್ಕೆ.

“ಇದಕ್ಕೇನ್ರಿ ಕರಕೊಂಡ ಬಂದದ್ದು?” ಎಂದಳು, ಅವನಿಗಷ್ಟೇ ಕೇಳುವಂತೆ. “ಮನ್ಯಾಗ ಹೇಳಿದ್ದರೂ ಆಗತಿತ್ತು. ಇಷ್ಟ ಖಟಪಟಿ ಯಾಕ ಮಾಡಿದ್ರಿ?”

“ಅಲ್ಲ... ಖರೇನ ಅಲ್ಲ...”

“ನಾಚಿಕಿ ನೋಡ್ರಿ ವರಂದು!” ಸಕ್ರವ್ವ ನಕ್ಕಳು. ಸೂರ್ಯನ ಕಡೆ ಕೈ ಅಡ್ಡ ಹಿಡಿದು ನೋಡಿದಳು. ಆ ವರಾಂಡದಿಂದ ಅವತ್ತು ಸೂರ್ಯನನ್ನು ಮನಸ್ಸಿಟ್ಟು ನೋಡಿದವಳು ಆಕೆ ಒಬ್ಬಳೇ. “ಲಗೂ ಮಾಡ್ರಿ. ಹೊತ್ತು ಮುಳುಗೂದ್ರೊಳಗ ಸಕ್ರಿ ಬಾಯಾಗ ಹಾಕಿ ಮುಗಸೂಣು. ಆಮ್ಯಾಲ ಶುಭ ಕೆಲಸ ನಡಿಯೂದಿಲ್ಲ. ಪಡುವಲಕ್ಕ ಮಾರಿ ಮಾಡಿ ಯಾರೂ ಕುಂದ್ರಬ್ಯಾಡ್ರಿ. ಮೂಡಲಕ್ಕ ತಿರಗ್ರಿ, ಮೂಡಲಕ್ಕ.”

ಎಲ್ಲರೂ ತಿರುಗಿದರು. ರಾಚಯ್ಯ ಗೋವಾದ ಮಾದರಿಯಲ್ಲಿ ಪಶ್ಚಿಮಕ್ಕೆ ಕಟ್ಟಿಸಿದ ವರಾಂಡದಲ್ಲಿ ಎಲ್ಲರೂ ಸೂರ್ಯನಿಗೆ ಬೆನ್ನು ಕೊಟ್ಟು, ಸುಣ್ಣದ ಗೋಡೆಯನ್ನು ನೋಡುತ್ತ ಕೂತರು. ಸದ್ದು ಕೇಳಿ ರಾಚಯ್ಯನೂ ಓಡಿ ಬಂದ. ಜಂಗಮ ತಾನಾಗಿ ಒದಗಿದ್ದು ಶಕುನವೆಂದು ಮಳಿಯಪ್ಪ ಅವನ ಕಾಲಿಗೆ ಬಿದ್ದ. “ಲಾಜಿನ ಮೊದಲ ಮಂಗಳಕಾರ್ಯ!” ಎಂದು ರಾಚಯ್ಯ ಹಿಗ್ಗಿ ಅಮಾತೆಪ್ಪನ ಹಣೆಗೆ ವಿಭೂತಿ ಬಳಿದ. ಆ ವಿಭೂತಿಯ ಕೆಳಗೆ ಅಮಾತೆಪ್ಪ ಬೆವರುತ್ತಿದ್ದ. ‘ಬೇಡ’ ಎಂಬ ಎರಡು ಅಕ್ಷರ ಎದೆಯಿಂದ ಹೊರಟು ಗಂಟಲಲ್ಲಿ ಇಳಿದುಕೊಂಡಿದ್ದವು. ಮೂರು ಸಲ ಬಾಯಿ ತೆರೆದ. ಮೊದಲ ಸಲ ಮಳಿಯಪ್ಪ ಎಲೆ ಅಡಿಕೆ ಕೊಟ್ಟ. ಎರಡನೆಯ ಸಲ ರಾಚಯ್ಯ ನೀರು ಕೊಟ್ಟ. ಮೂರನೆಯ ಸಲ ತೆರೆದ ಬಾಯಿ ಹಾಗೆಯೇ ಉಳಿಯಿತು, ಯಾಕೆಂದರೆ ಗುರುಲಿಂಗವ್ವ ಹುಡುಗಿಯ ಮುಂದೆ ಹೋಗಿ ಕೂತಿದ್ದಳು.

“ನಿನಗ ಮನಸೈತೇನವಾ?” ಎಂದು ಕೇಳಿದಳು.

ಬಸಲಿಂಗವ್ವ ತಲೆ ಎತ್ತಲಿಲ್ಲ. “ನನ್ನ ಯಾರೂ ಕೇಳಿಲ್ರಿ, ಅಕ್ಕಾರ.”

“ನನ್ನೂ ಕೇಳಿಲ್ಲ” ಎಂದಳು ಗುರುಲಿಂಗವ್ವ.

ಅಮಾತೆಪ್ಪ ಎದ್ದ. ಈಗ ಹೇಳುತ್ತಾನೆ ಎನ್ನುವಷ್ಟು ಎದ್ದ. ಸಕ್ರವ್ವ ಬುಟ್ಟಿಯಿಂದ ಕೊಬ್ಬರಿ, ಅಕ್ಕಿ, ಕುಪ್ಪಸದ ಕಣ ತೆಗೆದು ಗುರುಲಿಂಗವ್ವನ ಉಡಿ ತುಂಬುತ್ತಿದ್ದಳು. ಉಡಿ ತುಂಬಿಸಿಕೊಂಡ ಮೇಲೆ ಇಲ್ಲ ಎನ್ನುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಗುರುಲಿಂಗವ್ವ ಸಕ್ಕರೆ ಚಿವುಟಿ ಹುಡುಗಿಯ ಬಾಯಿಗೆ ಹಾಕಿದಳು. ಒಂದಿಷ್ಟು ಹುಡುಗಿಯ ಸೀರೆಯ ಮೇಲೆ ಉದುರಿತು, ಅದನ್ನು ಬೆರಳಿನಿಂದ ಜಾಡಿಸಿದಳು. ಆಮೇಲೆ ಗಂಡನ ಹತ್ತಿರ ಬಂದಳು. ಅವನ ಬಾಯಿ ತೆರೆದೇ ಇತ್ತು. ಸಕ್ಕರೆ ಹಾಕುವುದು ಸುಲಭವಾಯಿತು.

“ಆತು ನೋಡ್ರಿ!” ಎಂದ ಮಳಿಯಪ್ಪ. “ಇನ್ಯಾತರ ಲಾಜು? ಇನ್ನ ನಮ್ಮ ಮನ್ಯಾಗ ನೀರ ಏನು, ಹೋಳಗಿ ಊಟಾನ ಉಣಬಹುದು. ನಡೀರಿ, ನಡೀರಿ.”

“ಅಲ್ರಿ, ಗಾದಿ ಹಾಸಿಸೇನಿ...” ಎಂದ ರಾಚಯ್ಯ.

“ನೀವ ಮಲಗ್ರಿ ಅಜ್ಜಾರ ಅದರ ಮ್ಯಾಲ.”

ಗಂಟು ಬಿಚ್ಚಿರಲಿಲ್ಲವಾದ್ದರಿಂದ ಕಟ್ಟುವ ಕೆಲಸ ಇರಲಿಲ್ಲ. ಟಾಂಗಾದಲ್ಲಿ ಗಂಡಸರು ಮುಂದೆ ಕೂತರು, ಹೆಂಗಸರು ಹಿಂದೆ. ಹಿಂದಿನ ಸೀಟು ಬಂದ ದಾರಿಯ ಕಡೆಗೇ ಮುಖ ಮಾಡಿರುತ್ತದೆ. ಹೀಗಾಗಿ ಊರ ಕಡೆ ಇಳಿಯುವಾಗ ದಿಬ್ಬದ ಮೇಲಿನ ಕೆಂಪು, ಬೇವಿನ ಸಾಲಿನ ಹಿಂದೆ ಅದು ಕರಗಿದ್ದು, ಎಲ್ಲವನ್ನೂ ಗುರುಲಿಂಗವ್ವ ನೋಡಿದಳು. ಅಮಾತೆಪ್ಪ ಕುದುರೆಯ ಬಾಲ ನೋಡುತ್ತ ಹೋದ. ರಾತ್ರಿ ಮಳಿಯಪ್ಪನ ಪಡಸಾಲೆಯಲ್ಲಿ ಗಂಡಸರ ಸಾಲಿನಲ್ಲಿ ಅವನಿಗೆ ಚಾಪೆ ಹಾಸಿದರು. ಒಳಗಿನಿಂದ ಹೆಂಡತಿಯ ಬಳೆ ಸಪ್ಪಳ ಕೇಳುತ್ತಿತ್ತು.

ಲಗ್ನ ಮಳಿಯಪ್ಪನ ಅಂಗಳದಲ್ಲಿ ಸಣ್ಣದಾಗಿ ಆಯಿತು. ಅಣ್ಣಂದಿರು ಪಟಾಕಿ ಬೇಡವೆಂದರು. ಮೊದಲ ಹೆಂಡತಿ ಇರುವಾಗ ಅಷ್ಟು ಸದ್ದು ಚಂದವಲ್ಲ ಎಂಬುದು ಅವರ ಸೂಕ್ಷ್ಮ. ತೊಟ್ಟಿಲು ಮಾತ್ರ ಆಮೇಲೆಯೂ ಕಟ್ಟಲಿಲ್ಲ. ವರ್ಷ, ಎರಡು ವರ್ಷ ನೋಡಿ, ಬಾಗಲಕೋಟೆಯ ಒಬ್ಬ ಡಾಕ್ಟರ ಬಳಿ ಹೋದಾಗ, ಕೊರತೆ ಹೆಂಡಂದಿರದಲ್ಲ ಎಂದು ಗೊತ್ತಾಯಿತು. ಅಮಾತೆಪ್ಪ ಆ ಮಾತನ್ನು ಮನೆಗೆ ತಂದು ಹೇಳಲಿಲ್ಲ. ಸಂಭಾವಿತ. ಆದರೆ ಜೊತೆಗೆ ಅಣ್ಣ ಹೋಗಿದ್ದ. ಸಿದ್ದಲಿಂಗವ್ವ ಅಂದಿನಿಂದ ಇಬ್ಬರು ಸೊಸೆಯರ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಒಂದು ಚಳಿಗಾಲದಲ್ಲಿ ಹಾಗೆಯೇ ತೀರಿಕೊಂಡಳು. ಅಣ್ಣಂದಿರು ಬೇರೆಯಾದರು. ಅಮಾತೆಪ್ಪನ ಪಾಲಿಗೆ ಎರಡು ಕೋಣೆ, ಇಬ್ಬರು ಹೆಂಡಂದಿರು ಬಂದರು. ಮನೆ ತುಂಬ ಜಾಗವಿತ್ತು ಈಗ. ಗಡಿಗೆಗಳು ಕೂಡ ಕಿವಿ ಮುಚ್ಚಿಕೊಂಡಿದ್ದವು. ಮಾತು ಬೇಕಾದಷ್ಟು ಆಡಬಹುದಿತ್ತು.

ಆಡುತ್ತಿದ್ದವರು ಅವರಿಬ್ಬರು. ಗುರುಲಿಂಗವ್ವ, ಬಸಲಿಂಗವ್ವ. ಹಿತ್ತಲದಲ್ಲಿ ಕೂತು ಏನೇನೋ ಹೇಳಿಕೊಂಡು ನಗುತ್ತಿದ್ದರು. ಅಮಾತೆಪ್ಪ ಬಂದರೆ ನಗು ನಿಲ್ಲುತ್ತಿತ್ತು. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಗಿರಾಕಿ ಬಂದಾಗ ಮಾತು ನಿಲ್ಲಿಸುತ್ತಾರಲ್ಲ, ಹಾಗೆ. “ಊಟಕ್ಕ ಬಡಸ್ಲೇನ್ರಿ?” ಎಂದು ಯಾರಾದರೊಬ್ಬರು ಏಳುತ್ತಿದ್ದರು.

ಎಂಬತ್ತಾರನೆಯ ಇಸವಿ ಇರಬೇಕು. ಒಂದು ಮಧ್ಯಾಹ್ನ ಬಸಲಿಂಗವ್ವ ಗಿರಣಿಗೆ ಹೋಗಿದ್ದಳು. ಗುರುಲಿಂಗವ್ವ ಶೇಂಗಾ ಸುಲಿಯುತ್ತಿದ್ದಳು. ಅಮಾತೆಪ್ಪ ಆಚೆ ಕೂತು ಬ್ರಷ್ ತೊಳೆಯುತ್ತಿದ್ದ.

“ಅವತ್ತು ಬಾದಾಮ್ಯಾಗ” ಎಂದ, “ನಿನಗೊಂದು ಮಾತು ಕೇಳಬೇಕಂತ ಕರಕೊಂಡ ಹೋಗಿದ್ನಿ.”

“ಯಾವ ಮಾತು?”

“ಮತ್ತೊಂದು ಲಗ್ನ ಮಾಡಿಕೊಳ್ಳಲೋ ಬ್ಯಾಡೋ ಅಂತ.”

ಗುರುಲಿಂಗವ್ವ ಕೈಯಲ್ಲಿದ್ದ ಶೇಂಗಾ ಒಡೆದಳು. ಕಾಳು ಮೊರಕ್ಕೆ ಹಾಕಿದಳು, ಸಿಪ್ಪೆ ಆಚೆ ಹಾಕಿದಳು.

“ಬ್ಯಾಡ ಅಂತಿದ್ನಿ.”

ಅಮಾತೆಪ್ಪನ ಕೈ ನಿಂತಿತು. ಆಕೆ ಇನ್ನೊಂದು ಒಡೆದಳು.

“ಅಂದಿದ್ರ ಏನ್ ಮಾಡ್ತಿದ್ರಿ?”

ಅದನ್ನು ಆಕೆ ಚುಚ್ಚಲು ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದಳು, ಮುಖ ಎತ್ತಿ, ಅವನ ಕಡೆಗೇ ನೋಡುತ್ತ. ಅಮಾತೆಪ್ಪ ಕಣ್ಣಮುಂದೆ ಅವ್ವನನ್ನು ತಂದುಕೊಂಡ. ಅಣ್ಣಂದಿರನ್ನು ತಂದುಕೊಂಡ. ಅವರೆದುರು ತನ್ನನ್ನು ನಿಲ್ಲಿಸಿ ನೋಡಿದ. ಎಷ್ಟು ಹೊತ್ತು ನಿಲ್ಲಿಸಿದರೂ ಆ ಮನುಷ್ಯ ಬಾಯಿ ಬಿಡಲಿಲ್ಲ.

ಹಿಟ್ಟಿನ ಡಬ್ಬಿ ಹೊತ್ತು ಬಸಲಿಂಗವ್ವ ಒಳಗೆ ಬಂದಳು. “ಏನೋ ನಡದಿತ್ತಲ್ಲ ಅಕ್ಕಾ?”

“ಏನಿಲ್ಲವಾ. ಡಬ್ಬಿ ಇಳಸು, ಹಿಡೀತೇನಿ.”

ಇಬ್ಬರೂ ಡಬ್ಬಿಯ ಎರಡು ಕಡೆ ಹಿಡಿದು ಒಳಗೆ ಹೋದರು. ಅಮಾತೆಪ್ಪ ಬ್ರಷ್ಷನ್ನು ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯತೊಡಗಿದ. ಅದು ಆಗಲೇ ತೊಳೆದಾಗಿದ್ದ ಬ್ರಷ್ಷು.